ದುಡ್ಡಿಲ್ಲದೆಯೂ ನಾಟಕ ಉಂಟು: ಮಂಚಿಯ ಬಿ.ವಿ. ಕಾರಂತರು ತೋರಿಸಿದ ದಾರಿ

ಬಂಟ್ವಾಳ: ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಚಿಂತೆ ಶುರು. ಮಗುವಿಗೆ ನಾಟಕದಲ್ಲಿ ಪಾರ್ಟು ಸಿಕ್ಕಿದೆ, ಡ್ರೆಸ್ಸಿನ ಬಾಡಿಗೆಗೆ ದುಡ್ಡು ಎಲ್ಲಿಂದ? ಒಂದು ರಾತ್ರಿಯ ವೇಷಕ್ಕೆ ಅಷ್ಟು ಕೊಡಲಾಗದೆ, ಪಾರ್ಟೇ ಬೇಡ ಮಾರಾಯ್ರೆ ಅಂತ ಸುಮ್ಮನಾಗುವವರೂ ಇದ್ದಾರೆ. ಇಂಥ ಹೊತ್ತಿನಲ್ಲಿ ನಮ್ಮ ತಾಲೂಕಿನವರೇ ಆದ ಬಿ.ವಿ. ಕಾರಂತರನ್ನು ನೆನಪು ಮಾಡಿಕೊಳ್ಳಬೇಕು.

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲೂಕಿನ ಮಂಚಿಯಲ್ಲಿ. ಮೂರನೇ ಕ್ಲಾಸಿನಲ್ಲಿರುವಾಗ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಮೊದಲ ಬಾರಿ ಬಣ್ಣ ಹಚ್ಚಿದರು. ಕಾಡುದಾರಿಯಲ್ಲಿ ನಡೆದು ಶಾಲೆಗೆ ಹೋಗುವ ಬಡ ಹುಡುಗನ ಕಥೆ ಅದು. ಆ ಹುಚ್ಚು ಮತ್ತೆ ಬಿಡಲಿಲ್ಲ. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು.

ಗುಬ್ಬಿ ಕಂಪನಿ ಅಂದರೆ ವೈಭವ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ವೀರಣ್ಣನವರೇ ಈ ಹುಡುಗನನ್ನು ಓದಲು ಬನಾರಸ್‌ಗೆ ಕಳಿಸಿದರು. ಅಲ್ಲಿ ಎಂ.ಎ. ಜೊತೆಗೆ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತವೂ ಆಯಿತು. ಮುಂದೆ ಪತ್ನಿ ಪ್ರೇಮಾ ದೆಹಲಿಯಲ್ಲಿ ಟೀಚರ್ ಕೆಲಸ ಮಾಡಿ ಮನೆ ನೋಡಿಕೊಂಡರು, ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1962ರಲ್ಲಿ ಪದವಿ ಪಡೆದರು.

ಆದರೆ ಸ್ವತಃ ನಾಟಕ ಮಾಡಿಸಲು ನಿಂತಾಗ ಅವರು ಆನೆ ಕುದುರೆಯ ಹಿಂದೆ ಹೋಗಲಿಲ್ಲ. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲೇ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿಸಿದರು. 'ಹಯವದನ'ದಲ್ಲಿ ಯಕ್ಷಗಾನದ ಹಾಗೆ ಇಬ್ಬರು ಹಿಡಿಯುವ ಅರ್ಧ ತೆರೆ ಮತ್ತು ಮುಖವಾಡವೇ ದೊಡ್ಡ ಕೆಲಸ ಮಾಡುತ್ತವೆ. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಅನ್ನು 1979ರಲ್ಲಿ ಹಿಂದಿಯಲ್ಲಿ 'ಬರ್ನಮ್ ವನ' ಎಂದು ಮಾಡಿಸಿದಾಗಲೂ ನಮ್ಮ ಯಕ್ಷಗಾನವೇ ದೆಹಲಿಯ ರಂಗ ಏರಿತು.

ಸಂಗೀತದಲ್ಲಂತೂ ಅವರಿಗೆ ಯಾವುದೂ ಕಸವಲ್ಲ. ಕಲ್ಲು, ಮರದ ತುಂಡು, ತಗಡು, ಕೈಗೆ ಸಿಕ್ಕಿದ್ದೆಲ್ಲ ವಾದ್ಯ. ಇಲ್ಲಿ ಒಂದು ಮಾತು ಗಮನಿಸಬೇಕು. ಇದು ಕಾಟಾಚಾರದ ಕೆಲಸ ಆಗಿರಲಿಲ್ಲ. ಯಾವ ಕಲ್ಲಿನಿಂದ ಯಾವ ನಾದ ಬರುತ್ತದೆ ಎಂದು ಕೇಳಿಸಿಕೊಳ್ಳುವ ಕಿವಿ ವರ್ಷಗಟ್ಟಲೆ ಕಲಿತು ಬಂದದ್ದು. ಖರ್ಚು ಕಡಿಮೆ ಅಂದರೆ ಶ್ರಮ ಕಡಿಮೆ ಅಂತ ಅಲ್ಲ.

ಮಕ್ಕಳ ನಾಟಕವನ್ನು ಅವರು ಸಣ್ಣದು ಎಂದು ನೋಡಲಿಲ್ಲ. ದೆಹಲಿಯ ಶಾಲೆಯೊಂದರಲ್ಲಿ 1969ರಿಂದ 1972ರವರೆಗೆ ನಾಟಕದ ಮೇಷ್ಟ್ರಾಗಿದ್ದರು. ಟ್ಯಾಗೋರರ ಗಿಳಿಯ ಕಥೆಯಿಂದ 'ಪಂಜರ ಶಾಲೆ' ಎಂಬ ನಾಟಕ ಮಾಡಿದರು. ನಾಟಕ ಶಾಲೆಯ ನಿರ್ದೇಶಕರಾದರು, 'ಚೋಮನ ದುಡಿ' ಚಿತ್ರ ನಿರ್ದೇಶಿಸಿದರು, ಪದ್ಮಶ್ರೀ ಪಡೆದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು.

ಈ ದಾರಿ ನಮಗೆ ಹೊಸತೇನಲ್ಲ. ಭೂತಕೋಲದಲ್ಲಿ ತೆಂಗಿನ ತಿರಿಯೇ ಉಡುಗೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೇ ಮುಟ್ಟಾಳೆ. ಅದೇ ಹಾಳೆಯನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬಗ್ಗಿಸಿ ಕಟ್ಟಿ ಒಣಗಿಸಿದರೆ ಕಿರೀಟ ಆಗುತ್ತದೆ, ಎರಡು ತೂತು ಮಾಡಿದರೆ ಮುಖವಾಡ. ಹಳೇ ಪೇಪರಿಗೆ ಮೈದಾ ಅಂಟು ಹಚ್ಚಿ ಪದರ ಪದರ ಕೂರಿಸಿದರೆ ಗದೆ. ಗೋಣಿಚೀಲದಲ್ಲಿ ಋಷಿಯ ವೇಷ, ಅಮ್ಮನ ಹಳೇ ಸೀರೆಯಲ್ಲಿ ತೆರೆ. ಎರಡು ಗೆರಟೆ ಬಡಿದರೆ ಕುದುರೆ ಓಡಿ ಬರುತ್ತದೆ.

ಈ ಸಲದ ವಾರ್ಷಿಕೋತ್ಸವಕ್ಕೆ ಟೀಚರ್‌ಗಳು, ಅಪ್ಪ ಅಮ್ಮಂದಿರು ಒಂದು ಆದಿತ್ಯವಾರ ಕೂತು ಇಷ್ಟು ಮಾಡಿ ನೋಡಿ. ಮಂಚಿಯ ಮೂರನೇ ಕ್ಲಾಸಿನ ಆ ಹುಡುಗನಿಗೆ ಪಾರ್ಟು ಸಿಗದೇ ಹೋಗಿದ್ದರೆ ನಷ್ಟ ಯಾರಿಗೆ ಅಂತ ಯೋಚಿಸಿ. ಡ್ರೆಸ್ಸಿಗೆ ದುಡ್ಡಿಲ್ಲ ಅಂತ ಯಾವ ಮಗುವೂ ಸ್ಟೇಜಿನ ಕೆಳಗೆ ಉಳಿಯಬಾರದು.