ಕಾಪಿ ಮಾಡಿ ಕಲಿತ ಚಿತ್ರಗಾರ

ಶಾಲೆಯಲ್ಲಿ ‘ಕಾಪಿ’ ಎಂದರೆ ಬೈಗುಳ. ಪರೀಕ್ಷೆಯ ಮಟ್ಟಿಗೆ ಅದು ಸರಿಯೇ. ಚಿತ್ರಕಲೆಯಲ್ಲಿ ಮಾತ್ರ ಹಾಗಲ್ಲ ಎಂದು ನನಗೆ ಅನ್ನಿಸಿದ್ದು ವಿನ್ಸೆಂಟ್ ವ್ಯಾನ್ ಗೋನ ಬದುಕನ್ನು ಓದಿದ ಮೇಲೆ.

1853ರಲ್ಲಿ ಹಾಲೆಂಡಿನ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದವನು. ಚಿತ್ರ ಮಾರುವ ಅಂಗಡಿಯ ನೌಕರಿ, ಮೇಷ್ಟ್ರ ಕೆಲಸ, ಗಣಿ ಕಾರ್ಮಿಕರ ನಡುವೆ ಧರ್ಮಬೋಧನೆ, ಯಾವುದೂ ಕೈಹಿಡಿಯಲಿಲ್ಲ. ಚಿತ್ರಗಾರನಾಗಬೇಕೆಂದು ನಿರ್ಧರಿಸಿದಾಗ ವಯಸ್ಸು 27. ನಮ್ಮೂರಿನಲ್ಲಾದರೆ ಆ ವಯಸ್ಸಿಗೆ ಹೆಣ್ಣು ನೋಡಲು ಹೊರಟಿರುತ್ತಾರೆ! ಅವನು ಫ್ರಾನ್ಸಿನ ರೈತಾಪಿ ಜನರ ಚಿತ್ರಗಾರ ಮಿಲೆಯ ಅಚ್ಚುಚಿತ್ರಗಳನ್ನು ಮುಂದಿಟ್ಟುಕೊಂಡು ನಕಲು ಮಾಡುತ್ತ ಕುಳಿತ. ನಾನು ಪ್ರೋಗ್ರಾಂ ಬರೆಯಲು ಕಲಿತದ್ದೂ ಬೇರೆಯವರದನ್ನು ನೋಡಿ ಟೈಪ್ ಮಾಡುತ್ತಲೇ.

ಮನೆಯೊಳಗೆ ಕುಳಿತ ಮನುಷ್ಯರನ್ನು ಬರೆಯುವುದು ಸುಲಭವಲ್ಲ. ಬೆಳಕು ಒಂದೇ ಕಡೆಯಿಂದ ಬರುತ್ತದೆ, ಮೈ ಅರ್ಧ ಕತ್ತಲಲ್ಲಿ ಕರಗುತ್ತದೆ. 1885ರಲ್ಲಿ ಒಂದೇ ದೀಪದಡಿ ಐವರು ಆಲೂಗಡ್ಡೆ ತಿನ್ನುವ ಚಿತ್ರ ಬರೆದಾಗ, ಅದರ ಅಚ್ಚುಪ್ರತಿ ನೋಡಿದ ಆಪ್ತ ಗೆಳೆಯನೇ ಆಕೃತಿಗಳು ಸರಿಯಿಲ್ಲವೆಂದು ಜರೆದ.

1889ರ ಮೇ ತಿಂಗಳಲ್ಲಿ, ಮನಸ್ಸಿನ ಕಾಯಿಲೆ ಹೆಚ್ಚಾಗಿ, ಫ್ರಾನ್ಸಿನ ಸಾಂ ರೆಮಿಯ ಆಸ್ಪತ್ರೆಗೆ ತಾನಾಗಿಯೇ ಸೇರಿದ. ಅಲ್ಲಿ ಎದುರಿಗೆ ಕೂರಿಸಿಕೊಂಡು ಬರೆಯಲು ಜನ ಸಿಗುತ್ತಿರಲಿಲ್ಲ. ಮತ್ತೆ ಮಿಲೆಯ ಮೊರೆಹೋದ. ಅಲ್ಲಿದ್ದಷ್ಟು ಕಾಲದಲ್ಲಿ ಮಿಲೆಯದೇ 21 ಚಿತ್ರಗಳನ್ನು ನೋಡಿ ಬರೆದ.

ಅವುಗಳಲ್ಲಿ ಒಂದು ರಾತ್ರಿ ಹೊತ್ತಿನ ಮನೆಯ ಚಿತ್ರ. ದೀಪದ ಬಳಿ ಹೆಂಡತಿ ಹೊಲಿಯುತ್ತಿದ್ದಾಳೆ, ಗಂಡ ಬುಟ್ಟಿ ಹೆಣೆಯುತ್ತಿದ್ದಾನೆ, ಪಕ್ಕದ ತೊಟ್ಟಿಲಲ್ಲಿ ಮಗು. ಮುಂದಿದ್ದ ಅಚ್ಚು ಬರೀ ಕಪ್ಪು ಬಿಳುಪು. ಯಾರು ಎಲ್ಲಿ ಕೂರಬೇಕು, ಬೆನ್ನು ಎಷ್ಟು ಬಾಗಬೇಕು ಎಂಬುದನ್ನು ಮಿಲೆ ಹೇಳಿಕೊಟ್ಟಿದ್ದ. ಬಣ್ಣವನ್ನು ಇವನೇ ಹುಡುಕಬೇಕಿತ್ತು. ಗೋಡೆಗೆ, ನೆರಳಿಗೆ ನೇರಳೆಯ ಛಾಯೆಗಳು, ದೀಪಕ್ಕೆ ತಿಳಿ ನಿಂಬೆಹಳದಿ, ಒಲೆಯ ಬೆಂಕಿಗೆ ಕಿತ್ತಳೆ. ಒಂದೇ ದೇವರನಾಮವನ್ನು ಇಬ್ಬರು ಹಾಡಿದರೆ ಎರಡು ಹಾಡು ಕೇಳಿದಂತಾಗುವುದಿಲ್ಲವೇ, ಇದೂ ಹಾಗೆಯೇ. ಅವನಿಗೂ ಇದು ನಕಲಿಗಿಂತ ಹೆಚ್ಚಾಗಿ ಅನುವಾದವೆಂದೇ ತೋರಿತ್ತು.

ಆ ತೊಟ್ಟಿಲು ಬರೆಯುವಾಗ ತಮ್ಮ ತೆಯೋನ ಹೆಂಡತಿ ಬಸುರಿ. 1890ರ ಜನವರಿ 31ರಂದು ಗಂಡುಮಗುವಾಯಿತು. ದೊಡ್ಡಪ್ಪನ ಹೆಸರನ್ನೇ ಇಟ್ಟರು. ಅದೇ ಜುಲೈ 29ರಂದು, 37ನೆಯ ವಯಸ್ಸಿನಲ್ಲಿ, ವಿನ್ಸೆಂಟ್ ತೀರಿಕೊಂಡ. ಆರೇ ತಿಂಗಳಲ್ಲಿ ತಮ್ಮನೂ ಹೋದ. ಮುಂದೆ ದೊಡ್ಡಪ್ಪನ ಚಿತ್ರಗಳು ಚದುರಿಹೋಗದಂತೆ ಕಾಪಾಡಿದವನು ಆ ಮಗುವೇ. 1973ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅವುಗಳಿಗೊಂದು ಮ್ಯೂಸಿಯಂ ತೆರೆಯಿತು. ತೊಟ್ಟಿಲಿನ ಚಿತ್ರವೂ ಅಲ್ಲೇ ಇದೆ.