ಕಾಲರೇಖೆ ಎಲ್ಲಿ ನಿಲ್ಲಬೇಕು?

ಎಂಟನೇ ತರಗತಿಯ ಅಭ್ಯಾಸ ಪಾಠಕ್ಕೆ ನಾನು ಜಮ್‌ಷೆಡ್‌ಜಿ ಟಾಟಾ ಅವರ ಜೀವನವನ್ನು ಆರಿಸಿಕೊಂಡೆ. ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆದೆ. 1839ರಲ್ಲಿ ನವಸಾರಿಯಲ್ಲಿ ಜನನ. ಮ್ಯಾಂಚೆಸ್ಟರ್ ಬಟ್ಟೆ ನಮ್ಮ ಮಗ್ಗಗಳನ್ನು ಮೂಲೆಗೆ ತಳ್ಳಿದ್ದ ಕಾಲದಲ್ಲಿ, 1877ರಲ್ಲಿ, ಹತ್ತಿಯ ಸೀಮೆಯಾದ ನಾಗಪುರದಲ್ಲೇ ಗಿರಣಿ ತೆರೆದರು. 1882ರಲ್ಲಿ ಚಾಂದಾ ಜಿಲ್ಲೆಯ ಅದಿರಿನ ವರದಿ ಓದಿ ಉಕ್ಕಿನ ಹಂಬಲ ಹತ್ತಿತು. ಗಣಿ ನಿಯಮ ಸಡಿಲವಾದದ್ದು 1899ರಲ್ಲಿ. 1904ರಲ್ಲಿ ತೀರಿಕೊಂಡರು. ರೇಖೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಹಾಗಾದರೆ ಉಕ್ಕು ಆಗಲೇ ಇಲ್ಲವೇ ಎಂದು ಹುಡುಗಿಯೊಬ್ಬಳು ಕೇಳಿದಳು. ನನ್ನ ಪಾಠಯೋಜನೆಯ ಕೊರತೆ ಆಗ ತಿಳಿಯಿತು. ರೇಖೆಯನ್ನು ಮುಂದಕ್ಕೆಳೆದೆ: 1907ರಲ್ಲಿ ಕಂಪನಿ, 1912ರಲ್ಲಿ ಸಾಕ್ಚಿಯಲ್ಲಿ ಮೊದಲ ಉಕ್ಕು. ವರದಿಯಿಂದ ಉಕ್ಕಿಗೆ ಎಷ್ಟು ವರ್ಷವೆಂದು ಮಕ್ಕಳೇ ಕಳೆದು ನೋಡಿದರು: 30. ಅದಿರು, ಕಲ್ಲಿದ್ದಲು, ನೀರು, ರೈಲು, ಬಂಡವಾಳ ಎಲ್ಲವೂ ಒಂದೆಡೆ ಕೂಡಬೇಕಿತ್ತು. ಇಂಥವರ ಪಾಠವನ್ನು ಮರಣದ ವರ್ಷಕ್ಕೆ ಮುಗಿಸಬಾರದೆಂದು ಅಂದು ಕಲಿತವಳು ನಾನು.