ದೊಡ್ಡ ಸ್ವಾಮಿಯವರು ಮತ್ತು ಮರೆತುಹೋದ ಇನ್ನೊಬ್ಬ ಗುರು



ಮೈಸೂರು ಸೀಮೆಯ ಜನ ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದ ಅಬ್ಬೆ ದುಬಾಯ್ ಅವರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಫ್ರಾನ್ಸ್ ದೇಶದವರಾದ ಇವರು 1792ರಲ್ಲಿ ಗುರುಪಟ್ಟ ಪಡೆದು, ಪ್ಯಾರಿಸ್ ವಿದೇಶಿ ಮಿಷನ್ ಸಭೆಯ ಗುರುವಾಗಿ ಭಾರತಕ್ಕೆ ಬಂದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ಮೈಸೂರಿಗೆ ಬಂದರು. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಸಿಕ್ಕಿ ವಿಶ್ವಾಸ ಬಿಡಬೇಕಾಗಿ ಬಂದವರನ್ನು ಮತ್ತೆ ಧರ್ಮಸಭೆಗೆ ಸೇರಿಸಿಕೊಂಡರು. ಚದುರಿಹೋದ ಬಡ ಕುಟುಂಬಗಳು ಉತ್ತು ಬಿತ್ತಿ ಬದುಕಲೆಂದು ಹಾಸನದ ಕಡೆಯ ಸಾತಳ್ಳಿಯಲ್ಲಿ ನೆಲೆ ಮಾಡಿಕೊಟ್ಟರು. ಈ ನಾಡಿನವರಂತೆಯೇ ಉಟ್ಟು, ಮಾಂಸ ಬಿಟ್ಟು ಜನರ ನಡುವೆ ಬಾಳಿದರು. ಸಿಡುಬು ಊರೂರನ್ನೇ ನುಂಗುತ್ತಿದ್ದಾಗ, ದೇವಿ ಹಾಕಿಸಿಕೊಳ್ಳಲು ಹೆದರುತ್ತಿದ್ದ ಜನರಿಗೆ ಧೈರ್ಯ ಹೇಳಿದರು. 1803-04ರಲ್ಲಿ 25,432 ಮಂದಿಗೆ ದೇವಿ ಹಾಕಿಸಿದ ಲೆಕ್ಕವಿದೆ.

ಆದರೆ ಲೋಕ ಅವರನ್ನು ನೆನೆದದ್ದು ಒಂದು ಪುಸ್ತಕದಿಂದ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಆ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ನೂರೈವತ್ತು ವರ್ಷಕ್ಕೂ ಮೇಲೆ ಅದು ಅವರದೇ ಕೃತಿ ಎಂದು ಎಲ್ಲರೂ ನಂಬಿದ್ದರು.

ನಮ್ಮ ಕಾಲದಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ಹಳೆಯ ಕೈಬರಹಗಳನ್ನು ಹೋಲಿಸಿ ನೋಡಿದರು. ಪುಸ್ತಕದ ಬಹುಭಾಗ ಯೇಸುಸಭೆಯ ಫಾದರ್ ಕೂರ್ದೂ ಅವರ ಬರಹದಿಂದ ಬಂದದ್ದೆಂದು ತೋರಿಸಿ, 1987ರಲ್ಲಿ ಆ ಮೂಲವನ್ನೇ ಪ್ರಕಟಿಸಿದರು. ಕೂರ್ದೂ 1732ರಲ್ಲಿ ಭಾರತಕ್ಕೆ ಬಂದು, ಕರ್ನಾಟಿಕ್ ಮಿಷನ್ನಿನಲ್ಲಿ ತೆಲುಗು ಜನರ ನಡುವೆ ದುಡಿದವರು. ತೆಲುಗು ನಿಘಂಟು ಕಟ್ಟಿದರು. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸ್‌ಗಿಂತ ಮೊದಲೇ ಗುರುತಿಸಿ ಪ್ಯಾರಿಸ್ಸಿಗೆ ಬರೆದರು. 1773ರಲ್ಲಿ ಅವರ ಯೇಸುಸಭೆಯೇ ರದ್ದಾಯಿತು. 1779ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡರು. ಅವರ ದುಡಿಮೆಗೆ ಇನ್ನೊಬ್ಬರ ಹೆಸರು ಅಂಟಿತು.

ದುಬಾಯ್ 1823ರಲ್ಲಿ ಫ್ರಾನ್ಸಿಗೆ ಮರಳಿ, ಮುಂದೆ ತಮ್ಮ ಮಿಷನ್ ಸಭೆಯ ಶ್ರೇಷ್ಠರಾಗಿ, 1848ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಭಾರತದಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಇನ್ನು ಭವಿಷ್ಯವಿಲ್ಲವೆಂದು ನಿರಾಶೆಯಿಂದ ಬರೆದಿದ್ದರು. ಮಾಧವರಂ, ಆದೋನಿ ಕಡೆಯ ನಾವು ಇಂದಿಗೂ ಬಲಿಪೂಜೆಗೆ ಸೇರುತ್ತಿದ್ದೇವೆ ಎಂಬುದೇ ಅದಕ್ಕೆ ಉತ್ತರ.

ಹಾಗಾದರೆ ದೊಡ್ಡ ಸ್ವಾಮಿಯವರನ್ನು ನಾವು ಗೌರವಿಸಬಾರದೇ? ಗೌರವಿಸಬೇಕು. ದೇವಿ ಹಾಕಿಸಿಕೊಂಡು ಬದುಕಿದ ಮಕ್ಕಳು, ಸಾತಳ್ಳಿಯಲ್ಲಿ ನೆಲೆ ಕಂಡ ಕುಟುಂಬಗಳು ಯಾರಿಂದಲೂ ಎರವಲು ತಂದದ್ದಲ್ಲ. ಪುಸ್ತಕದ ಕೀರ್ತಿ ಮಾತ್ರ ಅದರ ಒಡೆಯನಿಗೆ ಸಲ್ಲಬೇಕು. ಸತ್ಪುರುಷರ ಕುಂದನ್ನು ಮುಚ್ಚಿಟ್ಟರೆ ವಿಶ್ವಾಸ ಬೆಳೆಯುವುದಿಲ್ಲ. ಪೇತ್ರರು ಪ್ರಭುವನ್ನು ಅಲ್ಲಗಳೆದದ್ದನ್ನು ಶುಭಸಂದೇಶವೇ ಮುಚ್ಚಿಡಲಿಲ್ಲ.

ಮನೆಯಲ್ಲಿ ಕನ್ನಡ, ಹೊರಗೆ ತೆಲುಗು ಆಡುವ ನಮಗೆ ಈ ಇಬ್ಬರೂ ಹತ್ತಿರದವರು. ಒಬ್ಬರು ಕನ್ನಡಿಗರ ನಡುವೆ, ಒಬ್ಬರು ತೆಲುಗರ ನಡುವೆ ದುಡಿದರು. ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ದೊಡ್ಡ ಸ್ವಾಮಿಯವರ ಜೊತೆಗೆ ಫಾದರ್ ಕೂರ್ದೂ ಅವರ ಹೆಸರನ್ನೂ ಹೇಳೋಣ.